ಮುಕ್ಕಾಲು ಸುತ್ತು

ಜೂನ್ ೩, ಸೋಮವಾರ. ಮಧ್ಯಾಹ್ನ ಎರಡು

ಇವತ್ತು ಇಪ್ಪತ್ತಾರು ಗಾಡಿ. ಜಾಗ ಇರೋದು ಹತ್ತೊಂಬತ್ತಕ್ಕೆ. ಎಲ್ಲ ಹಿಡಿಸಿದೆ. ಒಂದಕ್ಕೂ ಗೀರಿಲ್ಲ. ಹನ್ನೊಂದನೇ ಕಂಬದ ಹಿಂದೆ ಸ್ಕ್ಯಾನಿಂಗ್ ಡಾಕ್ಟರಮ್ಮನ ಉದ್ದನೆ ಗಾಡಿ ತೂರಿಸಿಟ್ಟದ್ದು ನೋಡಿ, ಲಿಫ್ಟಿಂದ ಇಳಿದ ರೋಗಿಯೊಬ್ಬ "ಇದನ್ನ ಕ್ರೇನಲ್ಲಿ ಇಳಿಸಿದ್ರಾ?" ಅಂದ. "ಇಲ್ಲ ಸ್ವಾಮಿ, ಮಡಚಿ ಜೇಬಲ್ಲಿಟ್ಕೊಂಡು ಬಂದೆ" ಅಂದೆ. ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡವನು ಪಾಪ, ನಗೋಕೂ ಆಗ್ದೆ ಅಳೋಕೂ ಆಗ್ದೆ ಗೋಡೆ ಹಿಡ್ಕೊಂಡ.

ಈ ನರ್ಸಿಂಗ್ ಹೋಮಿನ ನೆಲಮಾಳಿಗೇಲಿ ಹದಿಮೂರು ವರ್ಷ ಆಯ್ತು. ನನ್ನ ಹಾಗೆ ಪಾರ್ಕಿಂಗ್ ಮಾಡೋನು ಇನ್ನೊಬ್ಬ ಇದ್ರೆ ಕರ್ಕೊಂಡು ಬರಲಿ, ಮೀಸೆ ತೆಗೀತೀನಿ. ಗುಟ್ಟೇನು? ಲೆಕ್ಕ. ಓದಿದ್ದು ಏಳನೇ ಕ್ಲಾಸು. ಆದ್ರೆ ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ ಮೂರೂ ಇವತ್ತಿಗೂ ಬಾಯಲ್ಲಿದೆ. ಮೇಷ್ಟ್ರು ಬೆರಳ ಗಿಣ್ಣಿಗೆ ಕೊಟ್ಟು ಕೊಟ್ಟು ಕಲಿಸಿದ್ದು. ಮುಕ್ಕಾಲು ಏಳಲೆ ಎಷ್ಟು ಅಂತ ಮೇಲಿನ ಡಾಕ್ಟರುಗಳನ್ನ ಕೇಳಿ ನೋಡ್ಲಿ. ಫೋನ್ ಹುಡುಕ್ತಾರೆ. ಐದೂಕಾಲು!

ಒಂದೊಂದು ಜಾಗಕ್ಕೆ ಒಂದೊಂದು ಲೆಕ್ಕ. ಮೂರನೇ ಜಾಗ — ಸ್ಟೀರಿಂಗು ಒಂದೂಕಾಲು ಸುತ್ತು ಬಲಕ್ಕೆ, ನಿಲ್ಲಿಸು, ಎರಡೂವರೆ ಎಡಕ್ಕೆ, ಬಿಡು. ಕಂಬದ ಮೇಲೆಲ್ಲ ಚಾಕ್‌ಪೀಸಲ್ಲಿ ಬರೆದಿಟ್ಟಿದೀನಿ. ಸ್ಟೀರಿಂಗಿನ ನೆತ್ತಿಗೆ ಒಂದು ರಬ್ಬರ್ ಬ್ಯಾಂಡ್ ಹಾಕೋದು, ನೆತ್ತಿ ಎಷ್ಟು ಸುತ್ತು ಬಂತು ಅಂತ ಎಣಿಸೋದು. ಅಷ್ಟೇ. ಗಾಡಿಯಿಂದ ಗಾಡಿಗೆ ಚಿಟಿಕೆ ಹೆಚ್ಚುಕಮ್ಮಿ ಇರತ್ತೆ. ಅಡುಗೆಗೆ ಉಪ್ಪು ಹಾಕಿದ ಹಾಗೆ.

ಜೊತೆಗೆ ಅಳಿಯ ಇದಾನೆ, ಅಕ್ಕನ ಮಗಳ ಗಂಡ. ಎರಡು ವರ್ಷದ ಹಿಂದೆ ಮ್ಯಾನೇಜರ್ ಮೇಡಂಗೆ ಹೇಳಿ ಸೇರಿಸಿದ್ದು ನಾನೇ. ಕೆಲಸ ಕಲಿಸಿದ್ದೂ ನಾನೇ. ದಿನಕ್ಕೆ ನಾಲ್ಕು ಮಾತಾಡಿದ್ರೆ ಅವತ್ತು ಜಾಸ್ತಿ, ಅದಕ್ಕೆ ಇಲ್ಲಿ ಎಲ್ಲರೂ "ಮೌನಿ" ಅಂತಾರೆ. ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಾನೆ. "ಕಣ್ಣನ್ನ ನಂಬಬೇಡ, ಕೈಯನ್ನ ನಂಬು" ಅಂತ ನೂರು ಸಲ ಹೇಳಿದೀನಿ. ಕಂಬದ ನೆರಳು, ರ‍್ಯಾಂಪಿನ ತುದೀಲಿ ಕಣ್ಣಿಗೆ ಹೊಡೆಯೋ ಬಿಸಿಲು... ನೆಲಮಾಳಿಗೇಲಿ ಕಣ್ಣು ಸುಳ್ಳು ಹೇಳತ್ತೆ. ಕೈ ಹೇಳಲ್ಲ.

ಹಾರ್ನ್ ಆಗ್ತಿದೆ. ಯಾರೋ ಬಂದ್ರು.

ಜೂನ್ ೪, ಮಂಗಳವಾರ. ಸಂಜೆ ಆರು

ಮೂಳೆ ಡಾಕ್ಟ್ರು ಹೊಸ ಗಾಡಿ ತಂದ್ರು. ಕಪ್ಪು. ಮುಖ ನೋಡ್ಕೊಂಡು ತಲೆ ಬಾಚ್ಕೋಬಹುದು, ಅಷ್ಟು ಹೊಳಪು. "ಅಂಕಲ್, ಇದರ ಸ್ಟೀರಿಂಗು ಬೇರೆ ಥರ ಇದೆ. ವೇರಿಯಬಲ್ ರೇಶಿಯೋ. ಹೈವೇಲಿ ಸೀನಿದ್ರೂ ಗಾಡಿ ಅಲ್ಲಾಡಲ್ಲ. ಪಾರ್ಕಿಂಗಲ್ಲಿ ಕೈ ಮೇಲೆ ಕೈ ಹಾಕಿ ಸುತ್ತೋದೇ ಬೇಡ. ಸ್ವಲ್ಪ ಹುಷಾರು" ಅಂದ್ರು.

ನನಗೆ ಹುಷಾರು! "ಸಾರ್, ನೀವು ಮೂಳೆ ನೋಡ್ಕೊಳಿ" ಅಂದೆ. ನಕ್ಕರು.

ಮೂರನೇ ಜಾಗಕ್ಕೆ ರಿವರ್ಸ್ ಹಾಕಿದೆ. ಒಂದೂಕಾಲು ಬಲಕ್ಕೆ. ಕಾಲು ಸುತ್ತಿಗೆ ಗಾಡಿ ಮಾತೇ ಕೇಳ್ಲಿಲ್ಲ. ಆಮೇಲೆ ಒಂದೇ ಸಲ, ಯಾರೋ ಜುಟ್ಟು ಹಿಡಿದು ಎಳೆದ ಹಾಗೆ ತಿರುಗಿಬಿಡ್ತು. ಒಂದು ಸುತ್ತಿಗೇ ಹಳೇ ಗಾಡಿಯ ಎರಡು ಸುತ್ತಿನಷ್ಟು. ಬ್ರೇಕ್ ಒತ್ತುವಷ್ಟರಲ್ಲಿ ಹಿಂದಿನ ಬಂಪರು ಕಂಬವನ್ನ ಮುದ್ದಾಡಿತ್ತು.

ಬೆರಳಿನಗಲ ಬಿಳಿ ಗುರುತು. ಉಗುಳು ಹಚ್ಚಿ ಉಜ್ಜಿದೆ. ಹೋಗ್ಲಿಲ್ಲ. ನನ್ನ ಶರ್ಟಿನ ತುದೀಲಿ ಉಜ್ಜಿದೆ. ಸ್ವಲ್ಪ ಹೋಯ್ತು. ಉಳಿದದ್ದಕ್ಕೆ ಬೂಟ್ ಪಾಲಿಶ್. ಈಗ ಕಾಣಲ್ಲ. ಮೌನಿ ದೂರದಲ್ಲಿ ನಿಂತು ನೋಡ್ತಿದ್ದ. "ಏನು ನೋಡ್ತೀಯ? ಹೊಸ ಗಾಡಿಗೆ ದೃಷ್ಟಿಬೊಟ್ಟು ಇಟ್ಟೆ" ಅಂದೆ. ನಗಲೂ ಇಲ್ಲ, ಯಾರಿಗೂ ಹೇಳಲೂ ಇಲ್ಲ. ಅದೇ ಅವನ ಗುಣ.

ಹದಿಮೂರು ವರ್ಷದಲ್ಲಿ ಮೊದಲನೇದು. ಇಲ್ಲಿ ಬರೀಬಾರದು ಅಂತಿದ್ದೆ. ಬರೆದುಬಿಟ್ಟೆ.

ಜೂನ್ ೬, ಗುರುವಾರ. ಬೆಳಗ್ಗೆ ಏಳೂಕಾಲು

ಡ್ಯೂಟಿಗೆ ಮೊದಲು ಸ್ಪ್ಯಾನರ್ ಹತ್ರ ಹೋಗಿದ್ದೆ. ಎದುರು ಗ್ಯಾರೇಜಿನ ಮೆಕ್ಯಾನಿಕ್ ಅವನು, ಕಿವಿ ಮೇಲೆ ಪೆನ್ಸಿಲ್ ಇಡ್ಕೊಳೋ ಜಾಗದಲ್ಲಿ ಸ್ಪ್ಯಾನರ್ ಇಡ್ಕೊಂಡಿರ್ತಾನೆ. ನನಗೆ ಗೊತ್ತಿಲ್ಲ ಅಂತ ಕೇಳೋಕಾಗತ್ತಾ? "ನಿನಗೆ ಗೊತ್ತಾ ನೋಡೋಣ" ಅಂತ ಕೇಳಿದೆ.

ಅವನು ಹಳೇ ಸ್ಟೀರಿಂಗ್ ರ‍್ಯಾಕ್ ಒಂದನ್ನ ಕೈಗೆ ಕೊಟ್ಟ. ಉದ್ದನೆ ಸರಳು, ಮೈಮೇಲೆ ಬಾಚಣಿಗೆ ಥರ ಹಲ್ಲು. "ಎಲ್ಲ ಹಲ್ಲೂ ಒಂದೇ ಅಂತರ. ಎಷ್ಟು ತಿರುಗಿಸ್ತೀರೋ ಅಷ್ಟಕ್ಕಷ್ಟೇ. ಹೊಸದರಲ್ಲಿ ಹಾಗಿಲ್ಲ ಅಂಕಲ್. ನಡುವೆ ಒತ್ತೊತ್ತು ಹಲ್ಲು, ಆಚೀಚೆ ಬಿಡಿಬಿಡಿ. ಅದಕ್ಕೇ ಮೊದಲು ಮೆತ್ತಗೆ, ಆಮೇಲೆ ಜೋರು."

"ಗೊತ್ತಿತ್ತು" ಅಂದೆ.

"ಡಾಕ್ಟ್ರ ಗಾಡೀದು ಇನ್ನೂ ಒಂದು ಹೆಜ್ಜೆ ಮುಂದೆ. ಒಂದು ಮೋಟಾರಿದೆ. ಅದು ಸ್ಪೀಡ್ ನೋಡ್ಕೊಂಡು ಲೆಕ್ಕ ಬದಲಾಯಿಸತ್ತೆ. ನಿಧಾನ ಇದ್ರೆ ಚೂರು ತಿರುಗಿಸಿದ್ರೂ ಚಕ್ರ ಜಾಸ್ತಿ ತಿರುಗತ್ತೆ. ಸ್ಪೀಡು ಏರ್ತಾ ಏರ್ತಾ ಅದೇ ತಿರುವಿಗೆ ಕಮ್ಮಿ. ಅದಕ್ಕೆ ಈ ಗಾಡಿಗೆ ಲೆಕ್ಕ ಇಡೋಕೆ ಹೋಗ್ಬೇಡಿ. ಎದುರಿಗೆ ನೋಡ್ಕೊಂಡು ಓಡಿಸಿ. ನಾಲ್ಕು ದಿನದಲ್ಲಿ ಕೈಗೆ ಬರತ್ತೆ. ಆಮೇಲೆ ಹಳೇ ಗಾಡಿ ಹಿಡಿಯೋಕೆ ಬೇಜಾರಾಗತ್ತೆ."

ಎದುರಿಗೆ ನೋಡ್ಕೊಂಡು ಓಡಿಸಬೇಕಂತೆ! ಪಕ್ಕದ ಅಂಗಡಿಯವನೂ ಹಾಗೇ ಓಡಿಸ್ತಾನೆ. ಮತ್ತೆ ನಾನ್ಯಾಕೆ ಬೇಕು?

ಎರಡು ಕಾಲು ಸೇರಿದ್ರೆ ಅರೆ ಆಗಬೇಕು. ನಾನು ಕಲಿತದ್ದು ಹಾಗೆ. ಈ ಗಾಡೀಲಿ ಎರಡು ಕಾಲು ಸೇರಿದ್ರೆ ಮುಕ್ಕಾಲಾಗತ್ತೆ. ಯಾವ ಮೇಷ್ಟ್ರು ಹುಟ್ಟಿಸಿದ ಮಗ್ಗಿಯೋ.

ಜೂನ್ ೮, ಶನಿವಾರ. ಸಂಜೆ ಏಳು

ಗೆದ್ದೆ.

ಮೂಳೆ ಡಾಕ್ಟ್ರು ಕಾನ್ಫರೆನ್ಸಿಗೆ ಹೋಗಿದಾರೆ, ಬೀಗದ ಕೈ ನನ್ನ ಹತ್ರ. ನಾಲ್ಕು ಗಂಟೆಗೆ ನೆಲಮಾಳಿಗೆ ಖಾಲಿ. ನೆಲದ ಮೇಲೆ ಚಾಕಲ್ಲಿ ಗೆರೆ ಎಳೆದೆ. ಕಾಲು ಸುತ್ತಿಗೆ ಚಕ್ರ ಎಲ್ಲಿ ಬರತ್ತೆ, ಅರೆಗೆ ಎಲ್ಲಿ, ಮುಕ್ಕಾಲಿಗೆ ಎಲ್ಲಿ. ಎರಡೂವರೆ ಗಂಟೆ ಮಂಡಿಯೂರಿ ಕೂತೆ. ನೆಲ ಒರೆಸೋಳು ಬಂದು "ಏನಂಕಲ್, ರಂಗೋಲಿನಾ?" ಅಂದ್ಲು. "ಹೂಂ, ನಿನ್ನ ಮದುವೆಗೆ" ಅಂದೆ. ಪೊರಕೆ ತೋರಿಸಿ ಹೋದ್ಲು.

ಹತ್ತೊಂಬತ್ತು ಜಾಗಕ್ಕೂ ಹೊಸ ಲೆಕ್ಕ ತಯಾರು. ಮೂರನೇ ಜಾಗ — ಅರೆ ಬಲ, ಒಂದು ಎಡ. ಮುಗೀತು! ನಿಜ ಹೇಳ್ಬೇಕಂದ್ರೆ ಸುಖದ ಗಾಡಿ. ಭುಜ ನೋಯಲ್ಲ. ಹೆಬ್ಬೆರಳಲ್ಲಿ ತಿರುಗತ್ತೆ. ನನ್ನ ವಯಸ್ಸಿನವರಿಗೇ ಮಾಡಿದ ಹಾಗಿದೆ. ಯಾರಿಗೂ ಹೇಳಲ್ಲ ಇದನ್ನ.

ರ‍್ಯಾಂಪಿನ ತಿರುವಿನದ್ದೂ ತೆಗೆದೆ. ಕೆಳಗಿಂದ ಹತ್ತುವಾಗ ಎದುರು ಗೋಡೆ, ಬಲಕ್ಕೆ ಕುರುಡು ತಿರುವು, ಹೊರಗಿನ ಬಿಸಿಲು ನೇರ ಕಣ್ಣಿಗೆ. ಹಳೇ ಗಾಡಿಗೆ ಒಂದೂವರೆ. ಇದಕ್ಕೆ ಮುಕ್ಕಾಲು. ಆರು ಸಲ ಹತ್ತಿ ಇಳಿದೆ. ಆರೂ ಸಲ ಮುಕ್ಕಾಲು, ಗೋಡೆಗೆ ಮೊಳದಷ್ಟು ಜಾಗ ಬಿಟ್ಟು ಬೆಣ್ಣೆಯಂತೆ ತಿರುಗಿತು. ರ‍್ಯಾಂಪಿನ ಬುಡದ ಕಂಬದ ಮೇಲೆ ದಪ್ಪಕ್ಷರದಲ್ಲಿ ಬರೆದೆ: ಮೂಳೆ — ೩/೪.

ಸ್ಪ್ಯಾನರ್ ಹೇಳಿದ ಸ್ಪೀಡಿನ ಮಾತು? ನೆಲಮಾಳಿಗೇಲಿ ಎಂಥ ಸ್ಪೀಡು. ಇಲ್ಲಿ ಇರುವೆಯೂ ನಮ್ಮನ್ನ ಓವರ್‌ಟೇಕ್ ಮಾಡತ್ತೆ.

ಜೂನ್ ೧೦, ಸೋಮವಾರ. ಮಧ್ಯಾಹ್ನ

ಮೌನಿಗೆ ಪಾಠ. ಮುಂದೆ ಅವನನ್ನ ಕೂರಿಸಿ ಪಕ್ಕದಲ್ಲಿ ನಾನು. ಬೇಗ ಹಿಡ್ಕೊಂಡ. ಮೂರು ಸಲ ಹತ್ತಿಸಿದ, ಮೂರೂ ಸಲ ಮುಕ್ಕಾಲು, ಅಳೆದಿಟ್ಟ ಹಾಗೆ.

ನಾಲ್ಕನೇ ಸಲ ಕೆಳಗೆ ನಿಲ್ಲಿಸಿ ಬಾಯಿಬಿಟ್ಟ. "ಮಾವ, ಸ್ವಲ್ಪ ಜೋರಾಗಿ ಹತ್ತಿದ್ರೂ ಮುಕ್ಕಾಲೇನಾ? ಮೊನ್ನೆ ಡಾಕ್ಟ್ರು ಹೋಗುವಾಗ ನೋಡಿದೆ. ಜಾಸ್ತಿ ತಿರುಗಿಸಿದ ಹಾಗೆ ಕಾಣ್ತು."

ಸ್ಪ್ಯಾನರ್ ಹೇಳಿದ್ದು ತುದಿ ನಾಲಿಗೇಲಿತ್ತು. ಹೇಳಿದ್ರೆ ಏನಾಗತ್ತೆ? ಮಾವ ಗ್ಯಾರೇಜಿಗೆ ಹೋಗಿ ಕೇಳ್ಕೊಂಡು ಬಂದ ಅಂತಾಗತ್ತೆ. ಮಾವನ ಲೆಕ್ಕ ಎಲ್ಲ ಕಡೆ ನಡೆಯಲ್ಲ ಅಂತಾಗತ್ತೆ.

"ಮುಕ್ಕಾಲು ಅಂದ್ರೆ ಮುಕ್ಕಾಲು. ಡಾಕ್ಟ್ರಿಗೆ ಡ್ರೈವಿಂಗ್ ಕಲಿಸಿದ್ದು ಯಾರೋ, ನಿನಗೆ ಕಲಿಸಿದ್ದು ನಾನು" ಅಂದೆ.

"ಸರಿ ಮಾವ" ಅಂದ.

ಜೂನ್ ೧೨, ಬುಧವಾರ. ಸಂಜೆ

ಮೇಡಂ ಕೆಳಗೆ ಬಂದಿದ್ರು. ಮೂಳೆ ಡಾಕ್ಟ್ರು ಹೊಗಳಿದ್ರಂತೆ, "ನಮ್ಮ ಅಂಕಲ್ ನನಗಿಂತ ಚೆನ್ನಾಗಿ ನನ್ನ ಗಾಡಿ ಹಿಡೀತಾರೆ" ಅಂತ. ಸುಮ್ನಿರೋಕಾಗ್ಲಿಲ್ಲ. "ಇದೇನು ಮೇಡಂ, ಹಿಂದೆ ಮಂತ್ರಿಗಳ ಗಾಡಿ ಓಡಿಸ್ತಿದ್ದಾಗ ಕಣ್ಣಿಗೆ ಟವೆಲ್ ಕಟ್ಕೊಂಡು ರಿವರ್ಸ್ ಹಾಕಿದೀನಿ" ಅಂದೆ. ಮಂತ್ರಿ ಗಾಡಿಯ ಟೈರಿಗೆ ಗಾಳಿ ಹೊಡೆದದ್ದು ನಿಜ. ಉಳಿದದ್ದು ಒಗ್ಗರಣೆ.

ಮೇಡಂ ನಕ್ಕು ಕಂಬ ತೋರಿಸಿದ್ರು. "ಏನಿದು ಗೀಚಿರೋದು?" "ನನ್ನ ವಿದ್ಯೆ ಮೇಡಂ" ಅಂದೆ. "ಬಣ್ಣ ಹೊಡೆಸಿ ಆರು ತಿಂಗಳಾಗಿಲ್ಲ, ಗೋಡೆ ಹಾಳು ಮಾಡ್ಬೇಡಿ" ಅಂತ ಹೋದ್ರು. ಏನು ಬರೆದಿದೆ ಅಂತ ಓದ್ಲಿಲ್ಲ. ಅವರಿಗೆಲ್ಲಿ ಅರ್ಥ ಆಗತ್ತೆ.

ಜೂನ್ ೧೪, ಶುಕ್ರವಾರ. ನಾಲ್ಕು ಗಂಟೆ

ಅಕ್ಷರ ನೆಟ್ಟಗೆ ಬರ್ತಿಲ್ಲ.

ಹನ್ನೊಂದೂವರೆಗೆ ಮೇಲಿಂದ ಫೋನು. ಮೂಳೆ ಡಾಕ್ಟ್ರಿಗೆ ಇನ್ನೊಂದು ಆಸ್ಪತ್ರೆಯಿಂದ ಅರ್ಜೆಂಟ್ ಕರೆ, ಗಾಡಿ ತಕ್ಷಣ ಗೇಟಿಗೆ ಬರಬೇಕು. ನಾನು ಎಂಟನೇ ಜಾಗದಲ್ಲಿ ಇನ್ನೊಂದು ಗಾಡಿ ಒಳಗಿದ್ದೆ. ಮೌನಿ ಬೀಗದ ಕೈ ತಗೊಂಡ. ಮೇಲಿಂದ ಮೇಡಂ ಕೂಗ್ತಿದ್ರು, "ಬೇಗ! ಬೇಗ ತನ್ನಿ!"

ಬೇಗ ಹೋದ. ತುಂಬಾ ಏನಲ್ಲ. ನಾವು ಯಾವತ್ತೂ ಹೋಗೋದಕ್ಕಿಂತ ಬೇಗ, ಅಷ್ಟೇ. ರ‍್ಯಾಂಪ್ ಹತ್ತೋ ಸದ್ದು ಕೇಳ್ತು. ಬ್ರೇಕಿನ ಸದ್ದು ಬರಲೇ ಇಲ್ಲ. ಡಬ್ಬ ಅಪ್ಪಚ್ಚಿಯಾದ ಸದ್ದು ಬಂತು.

ಓಡಿದೆ. ಗಾಡಿಯ ಎಡಗಡೆ ಮೂತಿ ಗೋಡೆಯೊಳಗೆ. ಮೌನಿ ಸೀಟಲ್ಲೇ ಕೂತಿದ್ದ. ಸ್ಟೀರಿಂಗ್ ಒದ್ದು ಎಡಗೈ ಮಣಿಕಟ್ಟು ಸೊಟ್ಟಗೆ ನೇತಾಡ್ತಿತ್ತು. ಬಲಗೈ ಇನ್ನೂ ಸ್ಟೀರಿಂಗ್ ಬಿಟ್ಟಿರ್ಲಿಲ್ಲ. ನೋಡಿದೆ. ರಬ್ಬರ್ ಬ್ಯಾಂಡ್ ಎಲ್ಲಿತ್ತು ಅಂತ ನೋಡಿದೆ. ಥೂ, ಮೊದಲು ನೋಡಿದ್ದು ಅದನ್ನ, ಅವನ ಕೈಯನ್ನಲ್ಲ.

"ಮಾವ, ಮುಕ್ಕಾಲು ತಿರುಗಿಸಿದೆ" ಅಂದ. ದೂರಿದ ಹಾಗಲ್ಲ. ಆಶ್ಚರ್ಯಪಟ್ಟ ಹಾಗೆ. "ಸರಿಯಾಗಿ ಮುಕ್ಕಾಲೇ ತಿರುಗಿಸಿದೆ ಮಾವ."

"ಸುಮ್ನಿರು. ಮಾತಾಡ್ಬೇಡ" ಅಂದೆ.

ಮೂಳೆ ಡಾಕ್ಟ್ರು ಬೇರೆ ಗಾಡೀಲಿ ಹೋಗಿ ಆಪರೇಷನ್ ಮುಗಿಸಿ, ಮೂರು ಗಂಟೆಗೆ ಬಂದು ಇವನ ಕೈಗೆ ಅವರೇ ಪ್ಲಾಸ್ಟರ್ ಹಾಕಿದ್ರು. ಒಂದು ಮಾತೂ ಬೈಲಿಲ್ಲವಂತೆ. ಬೈದಿದ್ರೆ ಚೆನ್ನಾಗಿತ್ತು.

ಅದೇ ದಿನ. ಸಂಜೆ ಆರೂವರೆ

ಹೋಗೋ ಮುಂಚೆ ಕಂಬ ಒರೆಸಿದೆ. ಒದ್ದೆ ಬಟ್ಟೇಲಿ. ಹತ್ತೊಂಬತ್ತು ಜಾಗದ್ದೂ ಒರೆಸಿದೆ. ರ‍್ಯಾಂಪಿನ ಬುಡದ್ದನ್ನ ಎರಡು ಸಲ. ನೆಲ ಒರೆಸೋಳು ನೋಡಿ, "ಅಂಕಲ್ ನನ್ನ ಕೆಲಸ ಕಿತ್ಕೊತಿದಾರೆ" ಅಂತ ನಕ್ಕಳು.

ಮೇಡಂ ಗೋಡೆ ಹಾಳು ಮಾಡ್ಬೇಡಿ ಅಂದಿದ್ರಲ್ಲ. ಅದಕ್ಕೆ ಒರೆಸಿದೆ.

ಅದಕ್ಕಲ್ಲ.

ಜೂನ್ ೧೫, ಶನಿವಾರ. ಮಧ್ಯಾಹ್ನ

ಮೇಡಂ ರೂಮಿಗೆ ಕರೆದ್ರು. ಫ್ಯಾನು, ಫೈಲು, ಒಂದು ಗ್ಲಾಸು ನೀರು. "ಅಂಕಲ್, ನಿಮ್ಮನ್ನ ಕೇಳದೆ ತೀರ್ಮಾನ ಮಾಡಲ್ಲ. ಅವನಿಗೆ ಕಲಿಸಿದ್ದು ನೀವು. ಯಾಕೆ ಹೀಗಾಯ್ತು?"

ಅವನು ಆಗಲೇ ಹೇಳಿರ್ತಾನೆ ಅಂದ್ಕೊಂಡೆ. ಮಾವ ಕೊಟ್ಟ ಲೆಕ್ಕ ಅಂತ. ಹೇಳದೆ ಇರ್ತಾನಾ? ಕೈ ಮುರ್ಕೊಂಡವನು. ನಾನಾಗಿದ್ರೆ ಮೊದಲನೇ ಮಾತೇ ಅದು. ಅವನ ಮಾತು ನಿಲ್ಲಬಾರದು ಅಂದ್ರೆ ನನ್ನ ಮಾತು ಗಟ್ಟಿಯಾಗಿರಬೇಕು...

"ಅವನಿಗೆ ಮೊದಲಿಂದ್ಲೂ ಆತುರ ಮೇಡಂ. ಎಷ್ಟು ಹೇಳಿದ್ರೂ ಕೇಳಲ್ಲ."

"ಆತುರಾನಾ? ಅವನು ತುಂಬಾ ನಿಧಾನಸ್ಥ ಅಂದ್ಕೊಂಡಿದ್ದೆ."

"ಬಾಯಿ ನಿಧಾನ ಮೇಡಂ. ಕೈ ಅಲ್ಲ."

ಎಂಥ ಮಾತು! ಹೇಗೆ ಹೊಳೀತೋ. ನನ್ನ ನಾಲಿಗೆಗೆ ಯಾವಾಗಲೂ ಇಂಥವು ಹೊಳೀತಾವೆ. ಮೇಡಂ ಬರ್ಕೊಂಡ್ರು. "ಗಾಡಿಯ ಸ್ಟೀರಿಂಗ್ ವಿಚಿತ್ರ ಇದೆ ಅಂತಾರಲ್ಲ?" ಅಂದ್ರು. "ಏನಿಲ್ಲ ಮೇಡಂ, ನಾನು ದಿನಾ ಓಡಿಸ್ತೀನಲ್ಲ" ಅಂದೆ. ಓದಿ ಹೇಳಿದ್ರು, ಕೆಳಗೆ ಸೈನ್ ಮಾಡಿದೆ. ದುಂಡಗೆ, ಮೇಷ್ಟ್ರು ಕಲಿಸಿದ ಅಕ್ಷರ.

ಜೂನ್ ೨೪, ಸೋಮವಾರ. ಸಂಜೆ

ಬರೆಯೋಕೆ ಕೂರ್ಲಿಲ್ಲ ಇಷ್ಟು ದಿನ.

ಮೌನಿಯನ್ನ ಕೆಲಸದಿಂದ ತೆಗೆದ್ರು. ಕಾಗದದಲ್ಲಿ "ಅಜಾಗರೂಕ ಚಾಲನೆ, ಆತುರದ ಸ್ವಭಾವ" ಅಂತ ಇದೆಯಂತೆ. ಅಕ್ಕನ ಮಗಳು ಬಂದು ತೋರಿಸಿದ್ಲು. ಮನೇಲೇ ಹೊಲಿಗೆ ಹಾಕ್ತಾಳೆ ಅವಳು, ಬೆರಳಿನ ತುದಿಯೆಲ್ಲ ಸೂಜಿ ಗುರುತು. "ಇವರಿಗೆ ಆತುರ ಅಂತೆ ಮಾವ! ಶರ್ಟಿನ ಗುಂಡಿ ಹಾಕೋಕೆ ಹತ್ತು ನಿಮಿಷ ತಗೋಳೋ ಮನುಷ್ಯನಿಗೆ. ಈ ಕಾಗದ ತೋರಿಸಿದ್ರೆ ಯಾರು ಡ್ರೈವರ್ ಕೆಲಸ ಕೊಡ್ತಾರೆ? ಕೈ ಸರಿಹೋಗತ್ತೆ ಅಂದ್ರು ಡಾಕ್ಟ್ರು. ಈ ಮಾತು ಸರಿಹೋಗತ್ತಾ? ಯಾರು ಬರೆಸಿದ್ದು ಇದನ್ನ?"

"ಆಫೀಸಿನವರು. ಅವರಿಗೇನು, ಬಾಯಿಗೆ ಬಂದದ್ದು ಬರೀತಾರೆ" ಅಂದೆ.

"ನೀವು ಒಂದು ಮಾತು ಹೇಳಿ ಮಾವ. ನಿಮ್ಮ ಮಾತು ಅಂದ್ರೆ ಅಲ್ಲಿ ನಡೆಯತ್ತೆ."

ನಡೆಯತ್ತೆ. ನಡೆದಿದೆ.

ಅವಳು ಹೋದ ಮೇಲೆ ನಮ್ಮವಳು ಪಾತ್ರೆ ತೊಳೀತಾ, ಬೆನ್ನು ತಿರುಗಿಸ್ಕೊಂಡೇ ಕೇಳಿದ್ಲು. "ಆ ಗಾಡಿದು ಅದೇನೋ ಹೊಸ ಲೆಕ್ಕ ಕಂಡುಹಿಡಿದೆ ಅಂತ ಹಾರಾಡ್ತಿದ್ರಲ್ಲ, ಅದೇನಾಯ್ತು?"

"ಏನಾಗತ್ತೆ" ಅಂದೆ.

"ನಾನೇನೂ ಕೇಳ್ಲಿಲ್ಲ" ಅಂದ್ಲು. ತೊಳೆದ ಪಾತ್ರೆನೇ ಮತ್ತೆ ತೊಳೀತಿದ್ಲು.

ಜೂನ್ ೨೭, ಗುರುವಾರ. ಸಂಜೆ ಏಳು

ಇನ್ಶೂರೆನ್ಸಿನವನಿಗೆ ಗೋಡೆ ತೋರಿಸೋಕೆ ಮೇಡಂ ಕೆಳಗೆ ಬಂದಿದ್ರು. ಅವನು ಹೋದ ಮೇಲೆ ನಿಂತ್ಕೊಂಡು ಹೇಳಿದ್ರು. "ನಿಮ್ಮ ಅಳಿಯನ್ನ ನೆನೆಸಿದ್ರೆ ಪಾಪ ಅನಿಸತ್ತೆ ಅಂಕಲ್. ತಪ್ಪು ನಂದೇ ಅಂತ ಬರೆದುಕೊಟ್ಟಿದಾನೆ. ನಾನೇ ಅಂದಾಜು ತಪ್ಪಿದೆ, ಮಾವ ಸರಿಯಾಗೇ ಕಲಿಸಿದ್ರು ಅಂತ. ಬೇರೆ ಏನೂ ಇಲ್ಲ."

ಮಾವ ಸರಿಯಾಗೇ ಕಲಿಸಿದ್ರು.

"ಗಾಡಿ ಹೊಸದು, ಸ್ಟೀರಿಂಗ್ ಅಭ್ಯಾಸ ಇರ್ಲಿಲ್ಲ ಅಂತ ಡಾಕ್ಟ್ರೂ ಹೇಳಿದ್ರು. ಎಚ್ಚರಿಕೆ ಕೊಟ್ಟು ಬಿಡೋಣ ಅಂತಲೇ ಇದ್ದೆ. ಆದ್ರೆ ಮೊದಲಿಂದ್ಲೂ ಆತುರ ಅಂತ ನೀವೇ ಹೇಳಿದ್ಮೇಲೆ ಇಟ್ಕೊಳೋಕಾಗತ್ತಾ? ನಾಳೆ ಯಾರ ಮೇಲಾದ್ರೂ ಹತ್ತಿಸಿದ್ರೆ? ನೆಂಟ ಅಂತಲೂ ನೋಡದೆ ನಿಜ ಹೇಳಿದ್ರಿ. ದೊಡ್ಡದು."

ನನ್ನ ಮೇಲೆ ಕೈಯೇ ಎತ್ತಿಲ್ಲ ಅವನು. ಎತ್ತಿದಾನೆ ಅಂತ ಹೆದರಿ ನಾನು ಮೊದಲೇ ಹೊಡೆದೆ. ಎದುರಿಗೆ ಯಾರೂ ಇರಲಿಲ್ಲ.

ಇಡೀ ದಿನ ಹಳೇ ಗಾಡಿಗಳನ್ನೂ ಎಣಿಸದೇ ಇಟ್ಟೆ. ಎಲ್ಲ ಸರಿಯಾಗೇ ನಿಂತವು. ಅದೂ ಬೇಜಾರು.

ಜೂನ್ ೩೦, ಭಾನುವಾರ

ಹೇಳ್ಬೇಕು. ನಾಳೆ ಹೇಳ್ತೀನಿ.

ಜುಲೈ ೧, ಸೋಮವಾರ

ಮೇಡಂ ರಜಾ. ಒಳ್ಳೇದಾಯ್ತು ಅನಿಸ್ತು. ಅನಿಸಿದ್ದಕ್ಕೆ ನನ್ನ ಮೇಲೇ ಅಸಹ್ಯ ಆಯ್ತು.

ಜುಲೈ ೨, ಮಂಗಳವಾರ. ಮಧ್ಯಾಹ್ನ ಮೂರು

ಹೇಳಿದೆ.

ನಿಂತೇ ಹೇಳಿದೆ, ಕೂರ್ಲಿಲ್ಲ. "ಮೇಡಂ, ಮುಕ್ಕಾಲು ಅಂತ ಲೆಕ್ಕ ಕೊಟ್ಟದ್ದು ನಾನು. ಕಣ್ಣು ನಂಬಬೇಡ ಅಂದಿದ್ದೂ ನಾನು. ಸ್ಪೀಡಿಗೆ ಸ್ಟೀರಿಂಗ್ ಬದಲಾಗತ್ತೆ ಅಂತ ನನಗೆ ಗೊತ್ತಿತ್ತು. ಅವನು ಕೇಳಿದ. ನಾನು ಮುಚ್ಚಿಟ್ಟೆ. ಅವನಿಗೆ ಆತುರ ಇಲ್ಲ. ಸುಳ್ಳು ಬರೆಸಿದೆ."

ಮೇಡಂ ಪೆನ್ನು ಕೆಳಗಿಟ್ರು. ಆಮೇಲೆ ನಕ್ಕರು. ಕೆಟ್ಟ ನಗು ಅಲ್ಲ, ಮನೆ ಹಿರಿಯರ ಹಟ ನೋಡಿ ನಗ್ತಾರಲ್ಲ, ಹಾಗೆ.

"ಅಕ್ಕನ ಮಗಳು ಬಂದು ಅತ್ಲಾ ಅಂಕಲ್?"

"ಅದಕ್ಕಲ್ಲ ಮೇಡಂ. ನಿಜ ಹೇಳ್ತಿದೀನಿ."

"ಮಂತ್ರಿ ಗಾಡಿ ಓಡಿಸಿದ್ದು ನಿಜ ಅಂದ್ರಿ. ಕಣ್ಣಿಗೆ ಟವೆಲ್ ಕಟ್ಕೊಂಡಿದ್ದೂ ನಿಜ ಅಂದ್ರಿ. ಈಗ ಇದು. ಸ್ಟೀರಿಂಗ್ ಎಣಿಸಿ ಯಾರಾದ್ರೂ ಗಾಡಿ ಓಡಿಸ್ತಾರಾ?"

"ನಾನು ಓಡಿಸ್ತೀನಿ. ಕಂಬದ ಮೇಲೆ ಬರೆದಿತ್ತು, ನೀವೇ ನೋಡಿದ್ರಿ!"

"ಏನೋ ಗೀಚಿತ್ತು, ನೋಡಿದೆ. ಓದಿಲ್ಲ. ಎಲ್ಲಿ, ತೋರಿಸಿ?"

ಏನು ತೋರಿಸ್ಲಿ?

"ಸ್ಪ್ಯಾನರನ್ನ ಕೇಳಿ" ಅಂದೆ. ಅವರೇ ಫೋನ್ ಮಾಡಿದ್ರು, ಸ್ಪೀಕರ್ ಹಾಕಿ. ಆ ಕಡೆಯಿಂದ ಅವನು ಕೂಗಿ ಹೇಳಿದ, "ಹೂಂ ಮೇಡಂ, ಬಂದಿದ್ರು. ಲೆಕ್ಕ ಇಡ್ಬೇಡಿ ಅಂದೆ. ಎಲ್ಲ ಗೊತ್ತಿತ್ತು ಅಂದ್ರಲ್ಲ ಅಂಕಲ್ಲು!" ಅಷ್ಟು ಸಾಕಾಯ್ತು ಮೇಡಂಗೆ. "ನೋಡಿ, ನಿಮಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೋರು ತಪ್ಪು ಹೇಳಿಕೊಡ್ತಾರಾ?"

ಫೈಲ್ ತೆಗೆದು ನನ್ನ ಸೈನ್ ತೋರಿಸಿದ್ರು. "ಅವತ್ತು ಬಿಸಿಬಿಸಿಯಲ್ಲಿ ಹೇಳಿದ್ದು ನಿಜ. ಇವತ್ತು ಹೇಳ್ತಿರೋದು ಸಂಬಂಧ. ನನಗೆ ಅರ್ಥ ಆಗತ್ತೆ ಅಂಕಲ್. ಅಳಿಯನಿಗೋಸ್ಕರ ಈ ವಯಸ್ಸಲ್ಲಿ ನಿಮ್ಮ ಕೆಲಸಾನೇ ಪಣಕ್ಕಿಟ್ರಿ. ದೊಡ್ಡ ಮನಸ್ಸು. ಇದನ್ನ ಇಲ್ಲೇ ಮರೆತುಬಿಡೋಣ. ನಿಮ್ಮಂಥೋರು ನಮಗೆ ಬೇಕು."

ಬೇಡ ಅಂದೆ. ಜಗಳ ಮಾಡಿದೆ. ಮೇಜು ಕುಟ್ಟಿದೆ. ಕುಟ್ಟಿದಷ್ಟೂ ನಾಟಕದ ಹಾಗೆ ಕಾಣ್ತು. ನನಗೇ ಹಾಗೆ ಕಾಣ್ತು. ನಲವತ್ತು ವರ್ಷ ಬುರುಡೆ ಬಿಟ್ಟ ದನಿ ಇದು, ನಿಜಕ್ಕೆ ಬೇರೆ ದನಿ ಎಲ್ಲಿಂದ ತರ್ಲಿ. ಕೊನೆಗೆ ಮೇಡಂ ಬೆಲ್ ಒತ್ತಿ ನನಗೆ ಟೀ ತರಿಸಿದ್ರು.

ಕುಡಿದೆ. ಏನು ಮಾಡ್ಲಿ, ಕೊಟ್ರು. ಕುಡಿದೆ.

ಜುಲೈ ೬, ಶನಿವಾರ. ಸಂಜೆ ಐದೂವರೆ

ಇಬ್ಬರೂ ಬಂದಿದಾರೆ. ಮೌನಿ ನಿನ್ನೆ ಬಾಕಿ ಕಾಗದ ತರೋಕೆ ನರ್ಸಿಂಗ್ ಹೋಮಿಗೆ ಹೋಗಿದ್ದನಂತೆ, ಜೊತೆಗೆ ಅಕ್ಕನ ಮಗಳೂ. ಮೇಡಂ ಎಲ್ಲ ಹೇಳಿದಾರೆ. ಎಲ್ಲ ಅಂದ್ರೆ, ಸೈನ್ ಮಾಡಿದ ಫೈಲು ಬಿಟ್ಟು. ಅದು ಆಫೀಸಿನ ಗುಟ್ಟು.

ಬಾಗಿಲಲ್ಲೇ ಶುರು ಮಾಡಿದ್ಲು. "ಮಾವ! ತಪ್ಪೆಲ್ಲ ನಿಮ್ಮ ಮೇಲೆ ಹಾಕ್ಕೊಂಡು ಜಗಳ ಆಡಿದ್ರಂತೆ. ಯಾಕೆ ಮಾವ? ಅಪ್ಪ ಇದ್ದಿದ್ರೂ ಇಷ್ಟು ಮಾಡ್ತಿರ್ಲಿಲ್ಲ." ಕಣ್ಣು ಒದ್ದೆ. ನನ್ನ ಕೈ ಹಿಡ್ಕೊಂಡ್ಲು. ಸೂಜಿ ಚುಚ್ಚಿದ ಬೆರಳು ಒರಟು ಒರಟು.

"ಹಾಕ್ಕೊಂಡಿದ್ದಲ್ಲಮ್ಮ, ನಂದೇ" ಅಂದೆ.

"ನೋಡಿ, ಮತ್ತೆ!" ಅಂತ ನಮ್ಮವಳ ಕಡೆ ತಿರುಗಿ ನಕ್ಕಳು. "ಮೇಡಂ ಹೇಳಿದ್ರು, ಹೀಗೇ ಹಟ ಮಾಡ್ತಾರೆ ಅಂತ."

ಮೌನಿ ಹಿಂದೆ ನಿಂತಿದ್ದ. ಪ್ಲಾಸ್ಟರ್ ಕೈ ಕುತ್ತಿಗೆಗೆ ನೇತಾಡ್ತಿತ್ತು. ನನ್ನನ್ನೇ ನೋಡ್ತಿದ್ದ. ಅವನಿಗೆ ಗೊತ್ತು. ಮುಕ್ಕಾಲು ಯಾರದ್ದು ಅಂತ ಈ ಜಗತ್ತಲ್ಲಿ ಗೊತ್ತಿರೋದು ಅವನೊಬ್ಬನಿಗೆ. ಆತುರ ಅಂತ ಬರೆಸಿದ್ದು ಯಾರು ಅಂತಲೂ ಗೊತ್ತಾಗಿರತ್ತೆ. ನನ್ನ ಬಿಟ್ರೆ ಅವನಿಗೆ ಕಲಿಸಿದವರು ಬೇರೆ ಯಾರಿದ್ರು? ಕೋಪ ಹುಡುಕಿದೆ ಆ ಮುಖದಲ್ಲಿ. ಇದ್ದಿದ್ರೆ ಅದನ್ನ ಹಿಡ್ಕೊಂಡು ಹೇಳಿಬಿಡ್ತಿದ್ದೆ.

"ಬಿಡು, ಮಾವನಿಗೆ ತೊಂದರೆ ಕೊಡ್ಬೇಡ" ಅಂದ ಅವಳಿಗೆ. ಇವತ್ತಿನ ನಾಲ್ಕು ಮಾತಲ್ಲಿ ಒಂದು ನನಗೆ ಖರ್ಚು ಮಾಡಿದ.

ಕನ್ನಡಕ ತರ್ತೀನಿ ಅಂತ ಒಳಗೆ ಬಂದೆ. ಮಂಚದ ಮೇಲೆ ಕೂತು ಇದನ್ನ ಬರೀತಿದೀನಿ. ಹೊರಗೆ ಮೂರೂ ಜನ ಇದಾರೆ. ನಮ್ಮವಳು ನಗ್ತಿಲ್ಲ. ಹೋಗಿ ಹೇಳ್ಬೇಕು. ಆತುರ ಅಂತ ಬರೆಸಿದ್ದು ನಾನು, ಆಫೀಸಿನವರಲ್ಲ. ಅದೊಂದನ್ನ ಇವಳು ನಂಬಿದ್ರೆ ಸಾಕು. ನಗದೆ ಹೇಳ್ಬೇಕು. ಸಣ್ಣ ದನಿಯಲ್ಲಿ. ಒಗ್ಗರಣೆ ಹಾಕದೆ. "ನೋಡಮ್ಮ, ಆ ಕಾಗದದಲ್ಲಿ ಇರೋ ಮಾತು..."

ಕೂಗ್ತಿದಾಳೆ. "ಮಾವ, ಕನ್ನಡಕ ಸಿಕ್ತಾ?"

"ಸಿಗ್ತಿಲ್ಲಮ್ಮ" ಅಂದೆ. ಮೂಗಿನ ಮೇಲೇ ಇದೆ.

"ಇರಿ, ನಾನೇ ಹುಡುಕಿಕೊಡ್ತೀನಿ" ಅಂತ ಎದ್ದು ಬರ್ತಿದಾ—